ಕೆಮ್ಮು, ಎಮ್ಮೆ, ಸೊಳ್ಳೆ ಮತ್ತು ಒಂದು ಮೊಣಕೈ

ಮಾರ್ಚ್ 4, ಮಂಗಳವಾರ. ಬೆಳಗ್ಗೆ ಏಳು

ಮೂರು ಉಳಿ ಮಸೆದಾಯಿತು. ನಾಲ್ಕನೆಯದರ ಹಿಡಿ ಸಡಿಲ, ಅದು ನಾಳೆಗೆ. ಎರಡನೆಯ ಟೀ. ಮೊಣಕೈಗೆ ಎಣ್ಣೆ ತಿಕ್ಕುತ್ತಿದ್ದಾಗ ಮನೆಯವಳು ಬಂದು ಯಾಕೆ ಎಂದಳು. ಉಳಿಯ ಹಿಡಿಗೆ ಎಂದೆ. ಪೂರ್ತಿ ಸುಳ್ಳಲ್ಲ — ಹಿಡಿಗೂ ಸ್ವಲ್ಪ ತಿಕ್ಕಿದೆ.

ಇಲ್ಲಿ ಮಾತ್ರ ಬರೆದಿಡುವುದು. ಹತ್ತು ಮೊಳೆ ಹೊಡೆಯುವ ತನಕ ನಾನು ನಾನೇ. ಹನ್ನೊಂದನೆಯದಕ್ಕೆ ಬಲ ಮೊಣಕೈಯಿಂದ ಹೆಬ್ಬೆರಳಿನವರೆಗೆ ತಂತಿ ಎಳೆದ ಹಾಗೆ. ಹದಿನೈದಕ್ಕೆ ಸುತ್ತಿಗೆ ಬೇರೆ ಯಾರದೋ ಕೈಯಲ್ಲಿದೆ. ಮೂರು ತಿಂಗಳಾಯಿತು. ಒಂದು ಬಾಗಿಲಿನ ಸುತ್ತ ಪಟ್ಟಿ ಕೂರಿಸಲು ಇಪ್ಪತ್ತನಾಲ್ಕು ಮೊಳೆ ಬೇಕು.

ಅಕ್ಕನ ಮಗಳಿಗೆ ತಿಳಿದರೆ ಅಂದೇ ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುತ್ತಾಳೆ. ಈಗ ಮೇಸ್ತ್ರಿ ಅವಳೇ, ಕೆಲಸ ಹಿಡಿಯುವವಳೂ ಅವಳೇ. ಕೆಲಸ ಕಲಿಸಿದವನು ಮಾತ್ರ ನಾನು. ಅವಳಪ್ಪನನ್ನು ಹೀಗೇ ಕೂರಿಸಿದಳು. ಭಾವ ಈಗ ಗೋಡೆ ಗಡಿಯಾರ ಸರಿಯಿದೆಯೇ ಎಂದು ಕೈಗಡಿಯಾರ ನೋಡುತ್ತಾರೆ, ಕೈಗಡಿಯಾರ ಸರಿಯಿದೆಯೇ ಎಂದು ಗೋಡೆ ನೋಡುತ್ತಾರೆ. ಎರಡೂ ಸರಿಯಾಗಿವೆ. ಅದೇ ದುಃಖ.

ಅದೇ ದಿನ, ಸಂಜೆ

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಕೆಲಸ ಶುರು. ಎರಡು ಬಾಗಿಲಿಗೆ ಗಟ್ಟಿಮರದ ಪಟ್ಟಿ. ಪೇಷಂಟುಗಳು ಕಾಯುವ ಕೋಣೆಯಲ್ಲಿ ಸೂರಿನಿಂದ ಒಂದೂವರೆ ಅಡಿ ಕೆಳಗೆ, ಗೋಡೆ ಸುತ್ತ ಪೈನ್ ಮರದ ಅಂಚುಪಟ್ಟಿ, ಅದೇ ಮೌಲ್ಡಿಂಗ್. ಅದಕ್ಕೆ ಚಿತ್ರ ನೇತುಹಾಕುತ್ತಾರಂತೆ. ಗೋಡೆ ಇಟ್ಟಿಗೆಯದಲ್ಲ. ಒಳಗೆ ಅಲ್ಲೊಂದು ಇಲ್ಲೊಂದು ಮರದ ಕಂಬ, ಮೇಲೆ ಜಿಪ್ಸಂ ಹಲಗೆ, ನಡುವೆ ಸದ್ದು ತಡೆಯಲು ತುರುಕಿದ ಉಣ್ಣೆ.

ಕ್ಲಿನಿಕ್ಕು ಮುಚ್ಚುವಂತಿಲ್ಲ. ಎರಡನೇ ಮೊಳೆಗೇ ಡಾಕ್ಟರಮ್ಮ ಗ್ಲೌಸ್ ಹಾಕಿಕೊಂಡೇ ಹೊರಗೆ ಬಂದರು.

"ಯಜಮಾನ್ರೇ, ನೀವು ಹೊರಗೆ ಹೊಡೀತೀರಿ, ಒಳಗೆ ಪೇಷಂಟು ಬಾಯಿ ಮುಚ್ಕೋತಾರೆ. ಈಗ ಒಬ್ರು ನನ್ನ ಬೆರಳೇ ಕಚ್ಚಿದ್ರು."

"ಜೋರಾಗಿ ಕಚ್ಚಿದ್ರಾ ಡಾಕ್ಟ್ರೇ?"

"ಯಾಕೆ?"

"ಜೋರಾಗಿ ಕಚ್ಚಿದ್ರೆ ಹಲ್ಲು ಗಟ್ಟಿ ಇದೆ ಅಂತ ಅರ್ಥ. ಮನೆಗೆ ಕಳ್ಸಿಬಿಡಿ."

ಅವರು ನಗಲಿಲ್ಲ. ಅಕ್ಕನ ಮಗಳು ನನ್ನ ಕಾಲು ತುಳಿದಳು.

ತೀರ್ಪು ಹೀಗಾಯಿತು. ಪೇಷಂಟು ಇರುವಾಗ ಸುತ್ತಿಗೆ ಇಲ್ಲ. ಗಾಳಿಯ ಒತ್ತಡದಲ್ಲಿ ಮೊಳೆ ಹೊಡೆಯುವ ಮಿಷನ್ನೂ ಇಲ್ಲ — ಅದರ ಗದ್ದಲ ಒಂದು ಕಡೆ, ಕಾಲಿಗೆ ಸಿಕ್ಕುವ ಪೈಪು ಇನ್ನೊಂದು ಕಡೆ. "ಹಾಗಾದ್ರೆ ವಯರು ಪೈಪು ಏನೂ ಇಲ್ಲದ ನೇಲ್ ಗನ್ನೇ ಗತಿ" ಎಂದಳು ಮೇಸ್ತ್ರಿಯಮ್ಮ. ಇಪ್ಪತ್ತು ವರ್ಷ ನೇಲ್ ಗನ್ನನ್ನು ಮೊಳೆ ಹೊಡೆಯಲು ಬಾರದವರ ಕೋವಿ ಎಂದು ಆಡಿಕೊಂಡವನು ನಾನು. ಇವತ್ತು "ತರೋಣ, ಅದಕ್ಕೇನಂತೆ" ಎಂದುಬಿಟ್ಟೆ. ಅಷ್ಟು ಬೇಗ ಅನ್ನಬಾರದಿತ್ತು. ಎರಡು ಸಲ ನನ್ನ ಮುಖ ನೋಡಿದಳು.

ಮಾರ್ಚ್ 5, ಬುಧವಾರ

ಟೂಲ್ಸ್ ಅಂಗಡಿ. ಅಂಗಡಿಯವನಿಗೆ ನಾನಿಟ್ಟ ಹೆಸರು ಕ್ಯಾಟಲಾಗ್. "ಹೇಗಿದ್ದೀಯಪ್ಪ" ಎಂದರೂ ಪುಟ ತಿರುವಿ ಉತ್ತರ ಹೇಳುವ ಆಸಾಮಿ. ಅವನು ಮೊಣಕೈ ಊರಿ ನಿಲ್ಲುವ ಕೌಂಟರು ನನ್ನ ಕೈಯದು. ಹನ್ನೆರಡು ವರ್ಷವಾಯಿತು, ಒಂದು ಸಂದು ಬಿಟ್ಟಿಲ್ಲ. ಆ ದಾಕ್ಷಿಣ್ಯಕ್ಕೆ ಮೂರು ಗನ್ನು ಇಪ್ಪತ್ತು ದಿನ ನೋಡಲು ಕೊಟ್ಟ.

ಒಂದು ವಿಚಿತ್ರ ಕಲಿತೆ. ಮೊಳೆ ಸಣ್ಣದಾದಷ್ಟೂ ಅದರ ದಪ್ಪ ಹೇಳುವ ಗೇಜಿನ ಅಂಕಿ ದೊಡ್ಡದು. ಹದಿನಾರು ಗೇಜು ದಪ್ಪ, ಹದಿನೆಂಟು ಸಣ್ಣ, ಇಪ್ಪತ್ತಮೂರು ಬರೀ ಕೂದಲು. ಊರ ಶಾಲೆಯಲ್ಲಿ ನಾನು ಲೆಕ್ಕವನ್ನು ಹೀಗೇ ತಲೆಕೆಳಗು ಮಾಡುತ್ತಿದ್ದೆ, ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಕಾಲಕ್ಕಿಂತ ಮುಂದಿದ್ದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

"ನಿಮ್ಮ ಕೆಲಸಕ್ಕೆ ಯಾವುದು ಸೂಟ್ ಆಗುತ್ತೆ ಅಂತ..." ಎಂದು ಕ್ಯಾಟಲಾಗ್ ಪುಟ ತೆಗೆದ.

"ಗನ್ನು ನನಗೆ ಸೂಟ್ ಆಗೋದಲ್ಲಪ್ಪ. ನಾನು ಯಾವ ಗನ್ನಿಗೆ ಒಪ್ಪಿಗೆ ಕೊಡ್ತೀನಿ ಅಂತ ಅದು ಕಾಯ್ಬೇಕು."

ಅಕ್ಕನ ಮಗಳು ಕ್ಯಾಟಲಾಗಿಗೆ ಹೇಳಿದಳು, "ಬರ್ಕೊಳ್ಳಿ ಅಣ್ಣ, ಕಂಪನಿಗೆ ಕಳ್ಸಿ."

ಮಾರ್ಚ್ 7, ಶುಕ್ರವಾರ

ಎರಡು ದಿನ ಬೇರೆ ಕೆಲಸ ಕೈಗೆ ಹತ್ತಲಿಲ್ಲ. ಕ್ಲಿನಿಕ್ಕಿನ ಹಿಂದಿನ ಸ್ಟೋರಿನಲ್ಲಿ ಮೂರನ್ನೂ ಸಾಲಾಗಿ ಇಟ್ಟು, ಟಾರ್ಚು ಬಿಟ್ಟು, ಮೂಗಿನಿಂದ ಬಾಲದವರೆಗೆ ನೋಡಿದೆ. ಎಲ್ಲಕ್ಕೂ ಒಂದು ಗುಣ ಸಮಾನ: ಮೂತಿಯನ್ನು ಮರಕ್ಕೆ ಒತ್ತದೆ ಕುದುರೆ, ಅಂದರೆ ಟ್ರಿಗರ್, ಎಳೆದರೆ ಕೆಲಸ ಮಾಡುವುದಿಲ್ಲ. ಗಾಳಿಗೆ ಗುಂಡು ಹಾರಿಸುವ ಜಾತಿಯಲ್ಲ. ನನಗಿಂತ ಒಳ್ಳೆಯವು.

ಮೊದಲನೆಯದು ಗ್ಯಾಸಿನದು. ಹೊಟ್ಟೆಯೊಳಗೆ ಬೆರಳಗಲದ ಫ್ಯಾನು. ಅದು ಗ್ಯಾಸನ್ನು ಗಾಳಿಗೆ ಬೆರೆಸುತ್ತದೆ, ಕಿಡಿ ಹಾರುತ್ತದೆ, ಢಬ್. ಮೋಟರ್ ಬೈಕಿನ ಎಂಜಿನ್ನನ್ನು ಮೊಳೆ ಹೊಡೆಯಲು ಕೂರಿಸಿದ ಹಾಗೆ. ಎಂಥ ತಲೆ! ಆದರೆ ಹತ್ತು ಮೊಳೆಗೆ ಸ್ಟವ್ ಹಚ್ಚಲು ಮರೆತ ಅಡುಗೆಮನೆಯ ವಾಸನೆ. ಸದ್ದಿಗೆ ಒಬ್ಬ ಅಜ್ಜಿ ಪೇಷಂಟು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಇದಕ್ಕೆ ಕೆಮ್ಮು ಎಂದು ಹೆಸರಿಟ್ಟೆ. ಡಾಕ್ಟರಮ್ಮ ಬಾಗಿಲಿಂದ ಬೆರಳು ಅಲ್ಲಾಡಿಸಿದರು. ಕೆಮ್ಮು ಔಟ್.

ಎರಡನೆಯದು ಬ್ಯಾಟರಿಯದು, ಹದಿನಾರು ಗೇಜು, ಮೂರೂವರೆ ಕೆಜಿ. ಕಪ್ಪು. ಎಮ್ಮೆ. ಎರಡೂವರೆ ಇಂಚಿನ ಮೊಳೆಯನ್ನು ಗಟ್ಟಿಮರಕ್ಕೆ ಒಂದೇ ಗುಟುಕಿಗೆ ನುಂಗಿಸುತ್ತದೆ. ನೋಡಿದ ಕೂಡಲೇ ಮನಸ್ಸು ಕೊಟ್ಟೆ.

ಮೂರನೆಯದು ಪಿನ್ನಿನದು, ಇಪ್ಪತ್ತಮೂರು ಗೇಜು. ಸೊಳ್ಳೆ. ಕಚ್ಚಿದ ಜಾಗ ಹುಡುಕಿದರೂ ಕಾಣದು. ಚಂದ ಅಂದರೆ ಚಂದ. ಒಂದು ಪಟ್ಟಿಗೆ ಟಿಕ್ ಟಿಕ್ ಎಂದು ಹನ್ನೆರಡು ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದು, "ನೋಡು, ಮೊಳೆ ಹೊಡೆದ ಗುರುತು ಕಾಣುತ್ತಾ?" ಎಂದೆ. ಅಕ್ಕನ ಮಗಳು ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು.

"ಹೊಡೆದಿದ್ರೆ ತಾನೇ ಮಾವ. ಪಿನ್ನು ಯಾವಾಗ್ಲೋ ಖಾಲಿ."

ಎಮ್ಮೆ ಖಾಲಿಯಾದರೆ ತಾನಾಗಿ ನಿಲ್ಲುತ್ತದೆ. ಸೊಳ್ಳೆ ಖಾಲಿ ಹೊಟ್ಟೆಯಲ್ಲೂ ಹಾಡುತ್ತದೆ. ಬರೆದಿಡಬೇಕಾದ ವಿಷಯ. ಬರೆದೆ.

ಮಾರ್ಚ್ 8, ಶನಿವಾರ

ಊಟದ ಹೊತ್ತು. ಅಕ್ಕನ ಮಗಳ ದೂರು: ನಲವತ್ತು ವರ್ಷ ಮೊಳೆಗಳನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದ ನಾನು ಗನ್ನು ಬಂದ ಮೇಲೆ ಬಾಯಿ ಖಾಲಿ ಬಿಟ್ಟಿದ್ದೇನಂತೆ. "ಮೊಳೆ ಇದ್ದಾಗ ಎಷ್ಟು ನೆಮ್ಮದಿ ಇತ್ತು" ಎಂದಳು.

ಡಾಕ್ಟರಮ್ಮ ಟೀ ಲೋಟ ಹಿಡಿದು ಅಲ್ಲೇ ನಿಂತಿದ್ದರು. "ಎಲ್ಲಿ, ಆ ಅನ್ನಿ" ಎಂದು ನನ್ನ ಬಾಯಿ ನೋಡಿಯೇಬಿಟ್ಟರು. ಮುಂದಿನ ಹಲ್ಲಿನ ತುದಿಯಲ್ಲಿ ಸವೆದ ಸಣ್ಣ ಕಚ್ಚು. ಮೊಳೆ ಕೂರುವಷ್ಟೇ ಅಗಲ. "ಇದು ಬಡಗಿ ಅಥವಾ ದರ್ಜಿಯ ಹಲ್ಲು. ಬನ್ನಿ ಒಂದು ದಿನ, ತುಂಬಿಸ್ತೀನಿ."

ಹಲ್ಲು ನೋಡಿ ಕಸುಬು ಹೇಳುತ್ತಾರೆ! ನಾನು ಮರ ನೋಡಿ ಅದು ಎಷ್ಟು ಒಣಗಿದೆ ಎಂದು ಹೇಳುತ್ತೇನೆ ಎಂದೆ. ಸೋಲಬಾರದಲ್ಲ.

ಮಾರ್ಚ್ 10, ಸೋಮವಾರ. ಸಂಜೆ ಐದು

ಇವತ್ತಿನದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಅಕ್ಕನ ಮಗಳು ಮರ ತರಲು ಹೋಗಿದ್ದಳು. ಮಧ್ಯಾಹ್ನ ಒಂದರಿಂದ ಮೂರು ಕ್ಲಿನಿಕ್ಕು ಖಾಲಿ. ಮೌಲ್ಡಿಂಗನ್ನು ಕವೆಗೋಲಿನ ಮೇಲೆ ಆನಿಸಿ ನಿಲ್ಲಿಸಿದೆ, ಎಮ್ಮೆಯನ್ನು ಎರಡೂ ಕೈಯಲ್ಲಿ ಎತ್ತಿದೆ. ಅಡಿಗೊಂದು ಮೊಳೆ. ನಲವತ್ತೊಂದು ಅಡಿ. ನಲವತ್ತೊಂದು ಮೊಳೆ. ಒಂದು ಗಂಟೆ ಹತ್ತು ನಿಮಿಷ. ಸುತ್ತಿಗೆಯಲ್ಲಾದರೆ ಒಂದು ದಿನ, ಈಗಿನ ನನ್ನ ಸುತ್ತಿಗೆಯಲ್ಲಾದರೆ ಒಂದು ವಾರ. ಮೂಲೆಗಳು ಕೂದಲು ತೂರದ ಹಾಗೆ ಕೂತಿವೆ.

ಅಕ್ಕನ ಮಗಳು ಬಂದು ಕತ್ತೆತ್ತಿ ಸುತ್ತಲೂ ನೋಡಿದಳು. "ಪರವಾಗಿಲ್ವೇ" ಎಂದಳು. ಅವಳ ಬಾಯಲ್ಲಿ ಅದು ಬಿರುದು.

ಇನ್ನು ಹತ್ತು ವರ್ಷ ಯೋಚನೆಯಿಲ್ಲ. ಎಮ್ಮೆಯೇ ಸರಿ. ನಾಳೆ ಕ್ಯಾಟಲಾಗಿಗೆ ಹೇಳಿಬಿಡುವುದು.

ಮೊಣಕೈ ಸ್ವಲ್ಪ ಬಿಸಿ ಇದೆ. ಭಾರಕ್ಕೆ ಇರಬೇಕು. ಎಣ್ಣೆ.

ಮಾರ್ಚ್ 11, ಮಂಗಳವಾರ

ಬೆಳಗ್ಗೆ ಎಂಟು, ಕ್ಲಿನಿಕ್ಕು ತೆರೆದಿರಲಿಲ್ಲ. ಚಿತ್ರದ ಭಾರ ತಡೆಯುತ್ತದೆಯೇ ನೋಡೋಣವೆಂದು ಅಕ್ಕನ ಮಗಳು ಏಣಿ ಹತ್ತಿ ಮೌಲ್ಡಿಂಗಿಗೆ ಕೈ ಹಾಕಿ ಜಗ್ಗಿದಳು. ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಬಂತು. ಒಂದು ಗೋಡೆಯದು ಪೂರ್ತಿ. ಉಳಿದದ್ದನ್ನೂ ಇಳಿಸಿ ನೋಡಿದೆವು. ನಲವತ್ತೊಂದರಲ್ಲಿ ಕಂಬಕ್ಕೆ ಹೊಕ್ಕಿದ್ದು ನಾಲ್ಕು. ಉಳಿದ ಮೂವತ್ತೇಳೂ ಜಿಪ್ಸಂ ದಾಟಿ ಉಣ್ಣೆಯಲ್ಲಿ ಮಲಗಿದ್ದವು.

"ಕಂಬ ಎಲ್ಲಿದೆ ಅಂತ ಗುರುತು ಹಾಕ್ಲಿಲ್ವಾ ಮಾವ?"

ಹಾಕಲಿಲ್ಲ. ಜನ್ಮದಲ್ಲಿ ಹಾಕಿದವನಲ್ಲ. ಸುತ್ತಿಗೆ ಹೇಳುತ್ತಿತ್ತು. ಎರಡನೇ ಏಟಿಗೇ ಗೊತ್ತಾಗುತ್ತಿತ್ತು — ಬುಸ್ ಎಂದರೆ ಟೊಳ್ಳು, ಕಿತ್ತು ಪಕ್ಕಕ್ಕೆ ಹೊಡಿ. ಟಣ್ ಎಂದು ಕೈಗೆ ತಿರುಗಿ ಬಂದರೆ ಮರ. ಗನ್ನು ಮರಕ್ಕೂ ಉಣ್ಣೆಗೂ ಒಂದೇ ಮಾತು ಹೇಳುತ್ತದೆ. ಅದು ಹೇಳಲಿಲ್ಲ, ನಾನು ಕೇಳಲಿಲ್ಲ.

"ಇರ್ಲಿ, ಈಗ ಯಾರೂ ಇಲ್ಲ. ಸುತ್ತಿಗೇಲಿ ನಾಲ್ಕು ಮೊಳೆ ಬಡಿದು ಕಂಬ ಎಲ್ಲೆಲ್ಲಿದೆ ಹೇಳಿಬಿಡು" ಎಂದು ಸುತ್ತಿಗೆ ಕೈಗಿಟ್ಟಳು.

ನಿನ್ನೆ ಎಮ್ಮೆ ಎತ್ತಿದ ಕೈ. ಏಣಿ ಹತ್ತಿ ಮೂರು ಮೊಳೆ ಹೊಡೆದೆ. ನಾಲ್ಕನೆಯದಕ್ಕೆ ಎತ್ತಿದ ಸುತ್ತಿಗೆ ಇಳಿಯುವಾಗ ಕೈಯಲ್ಲಿರಲಿಲ್ಲ. ಏಣಿಯ ಬುಡದಲ್ಲಿ ಬಿದ್ದಿತ್ತು. ಅವಳ ಕಾಲಿನಿಂದ ಒಂದು ಗೇಣು ಆಚೆ.

"ಎಷ್ಟು ದಿನದಿಂದ?"

"ಜಾರಿತು. ಎಣ್ಣೆ ಕೈ."

"ಎಷ್ಟು ದಿನದಿಂದ ಅಂತ ಕೇಳ್ದೆ."

"ಮೂರು ತಿಂಗಳು."

ಸುತ್ತಿಗೆ ಎತ್ತಿ ಚೀಲಕ್ಕೆ ಹಾಕಿದಳು. "ನೀವು ಮನೆಗೆ ಹೋಗಿ."

ಎತ್ತಿ ಆಡಿಸಿದ ಮಗು. ಸಿಟ್ಟು ತಲೆಗೇರಿದಾಗ ಮಾತ್ರ ನನ್ನನ್ನು ನೀವು ಎನ್ನುತ್ತಾಳೆ. ಎಮ್ಮೆಯ ಪೆಟ್ಟಿಗೆಯನ್ನೂ ನನ್ನ ಜೊತೆಗೇ ಕಳಿಸಿದಳು, ಅದೂ ತಪ್ಪಿತಸ್ಥ ಎನ್ನುವ ಹಾಗೆ.

ಮಾರ್ಚ್ 16, ಭಾನುವಾರ

ಐದು ದಿನ ಏನೂ ಬರೆಯಲಿಲ್ಲ. ಬರೆಯಲು ಏನಿದೆ. ಮೊಣಕೈಗೆ ಪಟ್ಟಿ. ಮನೆಯವಳು ಮಾತಾಡುತ್ತಿಲ್ಲ, ಎಣ್ಣೆ ಬಾಟಲಿಯನ್ನು ಮಾತ್ರ ಕಣ್ಣಿಗೆ ಕಾಣುವ ಕಡೆ ಇಟ್ಟಿದ್ದಾಳೆ. ನಿನ್ನೆ ಭಾವ ಬಂದಿದ್ದರು. ಪಕ್ಕದಲ್ಲಿ ಕೂತು ನಮ್ಮ ಗೋಡೆ ಗಡಿಯಾರ ನೋಡಿ, "ಎರಡು ನಿಮಿಷ ಮುಂದಿದೆ" ಎಂದರು. ಜೊತೆಗಾರ ಸಿಕ್ಕಿದ ಖುಷಿ ಅವರ ಮುಖದಲ್ಲಿ. ಅವರು ಎದ್ದು ಹೋದ ಕೂಡಲೇ ನಾನು ಹಿತ್ತಿಲಿಗೆ ಹೋಗಿ ಎಮ್ಮೆಯ ಪೆಟ್ಟಿಗೆ ಬಿಚ್ಚಿದೆ.

ಎತ್ತುವುದಿಲ್ಲ. ಬೆಂಚಿನ ಮೇಲೆ ಒರಗಿಸಿ, ಎಡಗೈಯಲ್ಲಿ ಕುದುರೆ ಎಳೆದರೆ ಮೊಣಕೈಗೆ ಏನು ನಷ್ಟ? ಗಟ್ಟಿಮರದ ತುಂಡುಗಳ ಅಂಚಿಗೆ ಹೊಡೆದೆ. ಆಮೇಲೆ ಎಡಗೈಯಲ್ಲೇ ಉಳಿ ಆಡಿಸಿ ಸೀಳಿ ನೋಡಿದೆ, ಮೊಳೆ ಒಳಗೆ ಯಾವ ದಾರಿಯಲ್ಲಿ ಹೋಯಿತೆಂದು.

ಯಪ್ಪಾ. ನೆಟ್ಟಗೆ ಹೋಗುವುದೇ ಇಲ್ಲ. ಕೆಲವು ಅರ್ಧ ದಾರಿಯಲ್ಲಿ ಬಳುಕಿ, ಹೆಂಡತಿ ಎದುರಾದವನ ಹಾಗೆ ಪಕ್ಕದ ಓಣಿ ಹಿಡಿದಿವೆ. ಒಂದಂತೂ ಮರದ ಮುಖ ಸೀಳಿ ಹೊರಗೆ ಇಣುಕಿದೆ. ಯಾಕೆ?

ಮನೆಯವಳ ಭೂತಗನ್ನಡಿ ಕದ್ದು ಮೊಳೆಯ ತುದಿ ನೋಡಿದೆ. ಸೂಜಿಯ ಮೊನೆಯಲ್ಲ. ಉಳಿಯ ಬಾಯಿ! ಎರಡು ಕಡೆ ಇಳಿಜಾರು, ಎರಡು ಕಡೆ ಚಪ್ಪಟೆ. ಹಾಗಾದರೆ ಜಾರುವುದಿದ್ದರೆ ಇಳಿಜಾರಿನ ಕಡೆಗೇ ಜಾರಬೇಕು. ಅಂದರೆ ಗನ್ನಿನ ಎಡಕ್ಕೆ ಅಥವಾ ಬಲಕ್ಕೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಪಟ್ಟಿಯ ಉದ್ದಕ್ಕೆ ಗನ್ನು ಹಿಡಿದು ಇಪ್ಪತ್ತು ಹೊಡೆದೆ. ಏಳು ಪಕ್ಕದಿಂದ ಹೊರಬಂದವು. ಗನ್ನನ್ನು ಅಡ್ಡ ತಿರುಗಿಸಿ ಇಪ್ಪತ್ತು ಹೊಡೆದೆ. ಬಳುಕಿದವು, ಆದರೆ ಪಟ್ಟಿಯ ಉದ್ದಕ್ಕೇ. ಹೊರಬಂದದ್ದು ಒಂದೂ ಇಲ್ಲ.

ಒಂದೂ ಇಲ್ಲ.

ಯಾರಿಗೆ ಹೇಳುವುದು? ಮನೆಯವಳಿಗೆ ಹೇಳಿದೆ. "ನನ್ನ ಕನ್ನಡಿ ಎಲ್ಲಿ?" ಎಂದಳು.

ಮಾರ್ಚ್ 18, ಮಂಗಳವಾರ

ಹಲ್ಲು ತುಂಬಿಸುವ ನೆಪದಲ್ಲಿ ಕ್ಲಿನಿಕ್ಕಿಗೆ ಹೋದೆ. ಅಕ್ಕನ ಮಗಳು ಇರಲಿಲ್ಲ, ಪಾಲಿಶ್ ತರಲು ಹೋಗಿದ್ದಳಂತೆ. ಮೌಲ್ಡಿಂಗು ಇನ್ನೂ ನೆಲದಲ್ಲೇ. ಪಕ್ಕದಲ್ಲಿ ಕಂಬ ಹುಡುಕುವ ಹೊಸ ಮಿಷನ್ನು. ಗೋಡೆಗೆ ಹಿಡಿದು ನೋಡಿದೆ. ಪೀಂ. ಪಕ್ಕಕ್ಕೆ ಸರಿಸಿದೆ. ಪೀಂ. ಎಲ್ಲೆಲ್ಲೂ ಪೀಂ. ಉಣ್ಣೆಗೆ ಬೆಳ್ಳಿ ಕಾಗದ ಸುತ್ತಿರುವುದನ್ನು ಅದು ಕಂಬವೆಂದು ತಿಳಿದಿದೆ. ಪಾಪ.

ನನ್ನನ್ನು ಕುರ್ಚಿಯಲ್ಲಿ ಒರಗಿಸಿ ಡಾಕ್ಟರಮ್ಮ ಹಲ್ಲು ನೋಡುವ ಪುಟ್ಟ ಕನ್ನಡಿಯ ಹಿಡಿಯಿಂದ ನನ್ನ ಹಲ್ಲುಗಳನ್ನು ಒಂದೊಂದಾಗಿ ತಟ್ಟಿದರು. ಟಿಕ್. ಟಿಕ್. ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಬಾಯಿಂದ ಅವರು ಕೈ ತೆಗೆದ ಕೂಡಲೇ ಕೇಳಿದೆ:

"ಏನು ಕೇಳಿಸ್ಕೋತೀರಿ ಡಾಕ್ಟ್ರೇ?"

"ಸದ್ದು. ಕೆಲವು ಸಲ ಹಲ್ಲು ಮೂಳೆಗೇ ಅಂಟಿಕೊಂಡುಬಿಡುತ್ತೆ. ಅದರ ಸದ್ದು ಚುರುಕು. ಉಳಿದವು ಸ್ವಲ್ಪ ಮೆತ್ತಗೆ."

"ವ್ಯತ್ಯಾಸ ಎಷ್ಟು?"

"ತುಂಬಾ ಕಮ್ಮಿ. ಹತ್ತಾರು ವರ್ಷ ಕಿವಿ ಪಳಗಬೇಕು."

ನಾವೂ ಗೋಡೆ ತಟ್ಟಿ ನೋಡದವರಲ್ಲ. ಆದರೆ ಈ ಗೋಡೆಯಲ್ಲಿ ಉಣ್ಣೆಯಿಂದಾಗಿ ಬೆರಳಗಂಟಿಗೆ ಎಲ್ಲ ಕಡೆಯೂ ಒಂದೇ ಮಂಕು ಸದ್ದು. ಕನ್ನಡಿಯ ಹಿಡಿ ಉಕ್ಕಿನದು, ಸಣ್ಣದು. ಒಂದು ಹಳೆಯದನ್ನು ಬೇಡಿ ಪಡೆದೆ. ಕಾಯುವ ಕೋಣೆಗೆ ಬಂದು ಸ್ಟೂಲು ಹತ್ತಿ, ಗೋಡೆಗೆ ಕಿವಿ ಹಚ್ಚಿ ತಟ್ಟುತ್ತ ಹೋದೆ. ಮೆತ್ತಗೆ... ಮೆತ್ತಗೆ... ಮೆತ್ತಗೆ... ಚುರುಕು. ಅಲ್ಲೊಂದು ಸಣ್ಣ ಪೆನ್ಸಿಲ್ ಗೀಟು. ಮೊಣಕೈ ಎತ್ತುವ ಪ್ರಶ್ನೆಯೇ ಇಲ್ಲ, ಮಣಿಕಟ್ಟು ಸಾಕು.

ಕಾಯುತ್ತಿದ್ದವರೊಬ್ಬರು ಕೇಳಿದರು, "ಗೋಡೆಗೇನಾಗಿದೆ?"

"ಎರಡು ಹಲ್ಲು ಅಲ್ಲಾಡ್ತಿವೆ" ಎಂದೆ.

ಮೂರು ಗೀಟು ಎಳೆದು, ಯಾರಿಗೂ ಹೇಳದೆ ಮನೆಗೆ ಬಂದೆ.

ಮಾರ್ಚ್ 19, ಬುಧವಾರ

ಸಂಜೆ ಅಕ್ಕನ ಮಗಳು ಬಂದಳು. ನನ್ನನ್ನು ನೋಡಲು ಬಂದಿಲ್ಲ ಎಂದು ತೋರಿಸಲು ನೇರ ಅಡುಗೆಮನೆಗೆ ಹೋಗಿ ಅವಳತ್ತೆಯ ಜೊತೆ ಹತ್ತು ನಿಮಿಷ ಮಾತಾಡಿದಳು. ಆಮೇಲೆ ಹಿತ್ತಿಲಿಗೆ ಬಂದಳು.

"ಕ್ಲಿನಿಕ್ಕಿನ ಗೋಡೆ ಮೇಲೆ ಗೀಟು ಎಳೆದಿದ್ದು ಯಾರು?"

"ಯಾವುದಾದ್ರೂ ಮಗು ಇರ್ಬೇಕು."

"ಏಳಡಿ ಎತ್ತರದ ಮಗುನಾ? ಮೂರರಲ್ಲೂ ಸಣ್ಣ ಡ್ರಿಲ್ ಹಾಕಿ ನೋಡ್ದೆ. ಮೂರರಲ್ಲೂ ಮರ."

"ಬುದ್ಧಿವಂತ ಮಗು."

ನಗು ಬಂದಿತ್ತು, ನುಂಗಿದಳು. ಚೀಲದಿಂದ ಒಂದು ಬಾಗಿಲ ಪಟ್ಟಿ ತೆಗೆದು ಬೆಂಚಿನ ಮೇಲಿಟ್ಟಳು. ಒಳ್ಳೆಯ ಮರ, ಒಳ್ಳೆಯ ಕೊಯ್ತ, ನುಣುಪಾದ ಮುಖದ ನಡುವೆ ಮೊಳೆಯ ತುದಿ ಮುಳ್ಳಿನ ಹಾಗೆ. ಕ್ಯಾಟಲಾಗಿನ ಹತ್ತಿರ ನಾಲ್ಕನೆಯ ಗನ್ನು ತಂದಿದ್ದಾಳಂತೆ. ಹದಿನೆಂಟು ಗೇಜು, ಚಿಕ್ಕದು. ಅದರಲ್ಲಿ ಹೊಡೆದದ್ದು.

"ಮೂರು ಪಟ್ಟಿ ಹೀಗೇ ಹಾಳಾಯ್ತು. ಗನ್ನೇ ಸರಿ ಇಲ್ವೇನೋ."

ಸೀಳಿಟ್ಟ ನಲವತ್ತು ತುಂಡುಗಳನ್ನು ಎರಡು ಸಾಲು ಮಾಡಿ ಜೋಡಿಸಿದೆ. ಭೂತಗನ್ನಡಿ ಕೊಟ್ಟೆ. ಒಂದೊಂದೇ ಎತ್ತಿ ನೋಡಿದಳು. ಹೇಳಿಕೊಡಲು ನಾಲಿಗೆ ತುರಿಸುತ್ತಿತ್ತು, ಕಚ್ಚಿಕೊಂಡೆ. ಆರನೆಯ ತುಂಡಿಗೆ ಅವಳೇ ಕೈಯನ್ನು ಗನ್ನು ಮಾಡಿ, ಅಡ್ಡ ತಿರುಗಿಸಿದಳು.

"ಓ..."

ಆ ಓ ಕೇಳಲು ಒಂಬತ್ತು ದಿನ ಮನೆಯಲ್ಲಿ ಕೂತದ್ದು ಸಾರ್ಥಕ.

ತುಂಡನ್ನು ಬೆಂಚಿನ ಮೇಲಿಟ್ಟು ಹೇಳಿದಳು, "ಮೂರು ತಿಂಗಳು ನನಗೆ ಹೇಳ್ದೆ ಇದ್ಯಲ್ಲ ಮಾವ. ಸುತ್ತಿಗೆ ನನ್ನ ತಲೆ ಮೇಲೆ ಬಿದ್ದಿದ್ರೆ?"

ಇದಕ್ಕೆ ನನ್ನ ಹತ್ತಿರ ಜೋಕು ಇರಲಿಲ್ಲ. "ಕೂರಿಸ್ಬಿಡ್ತೀಯ ಅಂತ ಹೆದ್ರಿದ್ದೆ" ಎಂದೆ.

"ಕೂರಿಸ್ತಿದ್ದೆ" ಎಂದಳು. ಸುಳ್ಳು ಹೇಳುವವಳಲ್ಲ. ಆಮೇಲೆ: "ನಾಳೆ ಎಂಟಕ್ಕೆ ಬಾ. ಸುತ್ತಿಗೆ ಮುಟ್ಟೋ ಹಾಗಿಲ್ಲ, ಎಮ್ಮೆ ಎತ್ತೋ ಹಾಗಿಲ್ಲ."

"ಒಪ್ಪಿದೆ. ಬಾಯಿ ಮುಚ್ಕೊಂಡಿರು ಅಂತ ಮಾತ್ರ ಶರತ್ತು ಹಾಕ್ಬೇಡ."

ಮಾರ್ಚ್ 20, ಗುರುವಾರ

ನಾನು ತಟ್ಟುವುದು, ಗೀಟು ಎಳೆಯುವುದು. ಅವಳು ಹೊಡೆಯುವುದು. ಐದನೇ ಕಂಬದ ಹತ್ತಿರ ಒಳಗಿನಿಂದ ಡ್ರಿಲ್ ಕೊರೆಯುವ ಸದ್ದಿಗೆ ಏನೂ ಕೇಳದಾಯಿತು. ಒಳಬಾಗಿಲು ತಟ್ಟಿ ಹೇಳಿದೆ, "ಡಾಕ್ಟ್ರೇ, ನಿಮ್ಮ ಮಿಷನ್ನು ಒಂದು ನಿಮಿಷ ನಿಲ್ಲಿಸ್ತೀರಾ? ಹೊರಗೆ ಕೆಲಸಕ್ಕೆ ತೊಂದರೆ ಆಗ್ತಿದೆ." ಕುರ್ಚಿಯಲ್ಲಿದ್ದ ಪೇಷಂಟು ಬಾಯಿ ತೆರೆದೇ ಕೈಮುಗಿದರು.

ಮಧ್ಯಾಹ್ನ ಅಕ್ಕನ ಮಗಳು ಮೌಲ್ಡಿಂಗಿಗೆ ಎರಡೂ ಕೈಯಲ್ಲಿ ಜೋತುಬಿದ್ದು ನೋಡಿದಳು. ಅಲ್ಲಾಡಲಿಲ್ಲ.

ಬಾಗಿಲ ಪಟ್ಟಿಗಳು ಸಂಜೆಗೆ ಮುಗಿದವು. ಗನ್ನು ಅಡ್ಡ ಹಿಡಿದು ನಲವತ್ತೆಂಟು. ಮುಳ್ಳು ಒಂದೂ ಇಲ್ಲ.

ಮಾರ್ಚ್ 24, ಸೋಮವಾರ

ಗನ್ನು ವಾಪಸು ಕೊಡುವ ದಿನ. ಒಂದನ್ನು ಇಟ್ಟುಕೊಳ್ಳಬೇಕು. ಕೌಂಟರಿನ ಮೇಲೆ ನಾಲ್ಕನ್ನೂ ಸಾಲಾಗಿ ಇಟ್ಟ ಕ್ಯಾಟಲಾಗ್. ಕೆಮ್ಮನ್ನು ಪಕ್ಕಕ್ಕೆ ಸರಿಸಿದೆ. ಸೊಳ್ಳೆ ಅಂಟಿನ ಜೊತೆ ಅಂಚಿಗೆ ಹಚ್ಚುವ ಸಣ್ಣ ಬೀಡಿಂಗಿಗೆ ಚಿನ್ನ, ಆದರೆ ಒಂಟಿಯಾಗಿ ಏನನ್ನೂ ಹಿಡಿದು ನಿಲ್ಲಿಸದು. ಉಳಿದದ್ದು ಎಮ್ಮೆ ಮತ್ತು ನಾಲ್ಕನೆಯದು.

ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಮನಸ್ಸು ಇನ್ನೂ ಎಮ್ಮೆಯ ಮೇಲೇ ಇತ್ತು. ಎಷ್ಟು ದೊಡ್ಡ ಮೊಳೆ, ಎಂಥ ಗತ್ತು. ಅಕ್ಕನ ಮಗಳೂ ಅದನ್ನೇ ನೋಡುತ್ತಿದ್ದಳು. "ದೊಡ್ಡ ಕೆಲಸ ಬಂದ್ರೆ ಇದೇ ಬೇಕಾಗುತ್ತೆ ಅಲ್ವಾ ಮಾವ?" ಎಂದಳು. ನನ್ನ ಶಿಷ್ಯೆ ತಾನೇ. ಗತ್ತಿನ ಗಿರಾಕಿ.

"ತಲೆ ಮೇಲೆ ಎತ್ತಿ ಹಿಡಿ, ಸೂರಿಗೆ ಹೊಡೆಯೋ ಹಾಗೆ. ನಾನು ಎಣಿಸ್ತೀನಿ" ಎಂದೆ.

ನಾಲ್ಕನೆಯದನ್ನು ಹಿಡಿದಳು. ನೂರು ಎಣಿಸಿದೆ. ನಡುವೆ ಕ್ಯಾಟಲಾಗಿನ ಜೊತೆ ಮಾತೂ ಆಡಿದಳು.

ಎಮ್ಮೆ ಹಿಡಿದಳು. ಇಪ್ಪತ್ತಕ್ಕೆ ಭುಜ ಏರಿತು. ಮೂವತ್ತಕ್ಕೆ ಮೊಣಕೈಯ ಹೊರಗಡೆ, ಮೂಳೆಯಿಂದ ಎರಡು ಬೆರಳು ಕೆಳಗೆ, ಸಣ್ಣಗೆ ನಡುಗಿತು. ಅವಳಿಗೆ ತಿಳಿಯಲೇ ಇಲ್ಲ, ನಗುತ್ತಲೇ ಇದ್ದಳು. ನನಗೆ ಆ ಜಾಗ ಗೊತ್ತು. ಮೂರು ತಿಂಗಳಿಂದ ಎಣ್ಣೆ ತಿಕ್ಕಿದ ಜಾಗ.

"ಇಳಿಸು" ಎಂದೆ.

"ಇನ್ನೂ ಹಿಡೀಬಲ್ಲೆ..."

"ಇಳಿಸು ಅಂದ್ನಲ್ಲ."

ಆಮೇಲೆ ಅಂಗಡಿಯಲ್ಲಿ ಕ್ಯಾಟಲಾಗಿನ ಎದುರು, ಸ್ಕ್ರೂ ಕೊಳ್ಳಲು ಬಂದಿದ್ದ ಇಬ್ಬರ ಎದುರು ಹೇಳಿದೆ. "ಎಮ್ಮೆ ಬೇಡ. ನನ್ನ ಮೊಣಕೈ ಹೋಗಿದೆ. ಸುತ್ತಿಗೆ ಎತ್ತೋಕೆ ಆಗಲ್ಲ. ಇವಳದ್ದು ಹೋಗ್ಬಾರ್ದು. ಇನ್ನೂ ಮೂವತ್ತು ವರ್ಷ ಬೇಕು ಅದು. ಚಿಕ್ಕದನ್ನೇ ಕೊಡು. ದೊಡ್ಡ ಕೆಲಸ ಬಂದಾಗ ಸ್ಕ್ರೂ ಹಾಕ್ತೀವಿ."

ಯಾರೂ ನಗಲಿಲ್ಲ. ಕ್ಯಾಟಲಾಗ್ ಮೊದಲ ಸಲ ಪುಟ ತಿರುವದೆ ಮಾತಾಡಿದ. "ನನಗೂ ಎಡಗೈ ಹಾಗೇ ಇದೆ ಯಜಮಾನ್ರೇ" ಎಂದ.

ದಾರಿಯುದ್ದಕ್ಕೂ ಅಕ್ಕನ ಮಗಳು ಗನ್ನಿನ ಪೆಟ್ಟಿಗೆಯನ್ನು ತಾನೇ ಹೊತ್ತಳು. ಒಂದು ಸಲ ಕೈ ಬದಲಾಯಿಸುವಾಗ ತನ್ನ ಮೊಣಕೈಯನ್ನು ಮುಟ್ಟಿ ನೋಡಿಕೊಂಡಳು. ನೋಡದವನ ಹಾಗೆ ನಡೆದೆ.

ಮಾರ್ಚ್ 27, ಗುರುವಾರ. ಬೆಳಗ್ಗೆ ಹತ್ತೂವರೆ

ಅದೇ ಕಟ್ಟಡ, ಮೇಲಿನ ಮಹಡಿ. ಕಣ್ಣಿನ ಡಾಕ್ಟರ ಕ್ಲಿನಿಕ್ಕು. ಹಲ್ಲಿನ ಡಾಕ್ಟರಮ್ಮ ಹೇಳಿ ಕೊಡಿಸಿದ ಕೆಲಸ. "ಗೋಡೆ ನೋಡೋಕೆ ನಮ್ಮ ಮಾವ ಬರ್ತಾರೆ, ಅವ್ರು ಹೇಳ್ದೆ ಒಂದು ಮೊಳೆನೂ ಹೊಡಿಯಲ್ಲ" ಎಂದು ಅಕ್ಕನ ಮಗಳು ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು. ಕೇಳಿಸದವನ ಹಾಗೆ ಎರಡು ಸಲ ಆ ಕಡೆ ಓಡಾಡಿದೆ.

ಇಲ್ಲಿನ ಗೋಡೆ ಬೇರೆ ತರಹ. ತಟ್ಟಿದರೆ ಮೆತ್ತಗೂ ಅಲ್ಲ, ಚುರುಕೂ ಅಲ್ಲ. ಒಂದು ಗುಂಯ್ ಬರುತ್ತದೆ, ತಡವಾಗಿ, ಬೇರೆ ಕಡೆಯಿಂದ. ಒಳಗೆ ಮರದ ಬದಲು ತಗಡಿನ ಕಂಬ ಇರಬಹುದೇ? ತಗಡಾದರೆ ಈ ಮೊಳೆ ಹಿಡಿಯುವುದಿಲ್ಲ. ಆದರೆ ತಗಡು ಇಷ್ಟು ದಪ್ಪ ಗುಂಯ್‌ಗುಡುತ್ತದೆಯೇ?

"ಏನದು ಮಾವ?" ಎಂದು ಕೇಳಿದಳು.

"ಗೊತ್ತಿಲ್ಲ" ಎಂದೆ.

ಏಣಿಯ ಮೇಲಿಂದ ಬಗ್ಗಿ ನೋಡಿದಳು. "ಇನ್ನೊಂದ್ಸಲ ಹೇಳು."

"ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ."

ಹೇಳಿದ ಮೇಲೆ ಎಂಥದೋ ಹಗುರ. ಮೂಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಕಿವಿ ಗೋಡೆಯ ಕಡೆಗೇ ಇದೆ. ಕೆಳಗಿನಿಂದ ಮೇಲಕ್ಕೆ ತಟ್ಟಿದರೆ ಸದ್ದು ಬೇರೆಯಾಗಬಹುದು. ಇಲ್ಲವೇ ಎರಡು ಕಡೆ ಒಟ್ಟಿಗೆ ತಟ್ಟಿ, ಅವಳು ಆಚೆ ಕೋಣೆಯಲ್ಲಿ, ನಾನು ಈಚೆ...

"ಮಾವ, ಬರ್ತೀಯೋ, ಅಂದಾಜಿಗೆ ಒಂದು ಹೊಡೆದುಬಿಡ್ಲೋ?"

ಹೊಡೆಯಬೇಡ. ಬಂದೆ. ಮೊದಲು ನೀನು ಆಚೆ ಕೋಣೆಗೆ ಹೋಗಿ ಗೋಡೆಗೆ ಕಿವಿ ಕೊಟ್ಟು, ನಾನು ಇಲ್ಲಿಂದ —